ಕಷಾಯ ಕುಡಿದವರ ಲೆಕ್ಕ, ಬೇರು ಬಂದ ಜಾಗದ ಲೆಕ್ಕ: ನನ್ನ ಅನುಭವ

ವಿರಾಜಪೇಟೆ ಕಡೆಯ ಒಂದು ಸಣ್ಣ ಊರಲ್ಲಿ ನನ್ನ ಆಯುರ್ವೇದ ಕ್ಲಿನಿಕ್ ಇದೆ. ಮಾತ್ರೆ, ಅರಿಷ್ಟಗಳನ್ನು ಕಂಪನಿಗಳಿಂದ ತರಿಸುತ್ತೇನೆ. ಕಷಾಯದ ಪುಡಿ, ಚೂರ್ಣ ಮಾತ್ರ ನನ್ನ ರೋಗಿಗಳಿಗಾಗಿ ನಾನೇ ಮಾಡಿಸುತ್ತೇನೆ. ಕೆಲವು ವರ್ಷಗಳಿಂದ ಒಂದು ದಪ್ಪ ರಿಜಿಸ್ಟರ್ ಇಟ್ಟುಕೊಂಡಿದ್ದೇನೆ. ಎಡ ಪುಟದಲ್ಲಿ ಔಷಧ ತಗೊಂಡವರಿಗೆ ಏನಾಯಿತು ಅಂತ. ಬಲ ಪುಟದಲ್ಲಿ ಆ ಔಷಧದ ಬೇರು, ತೊಗಟೆ, ಕಾಯಿ ಎಲ್ಲಿಂದ ಬಂತು, ಯಾರು ತಂದರು ಅಂತ. ಈ ಎರಡು ಲೆಕ್ಕ ಬೇರೆ ಬೇರೆ ಇಟ್ಟರೆ ಎರಡೂ ಅರ್ಧಂಬರ್ಧ ಆಗುತ್ತವೆ. ಅದು ಯಾಕೆ, ನಾನು ಹೇಗೆ ಮಾಡುತ್ತಿದ್ದೇನೆ ಅಂತ ಬರೆಯುತ್ತೇನೆ.

"ಗಿಡಮೂಲಿಕೆ ತಾನೇ ಡಾಕ್ಟ್ರೇ, ಏನೂ ಆಗಲ್ಲ." ಈ ಮಾತನ್ನು ದಿನಾ ಕೇಳುತ್ತೇನೆ. ಕೇಳಿದಾಗಲೆಲ್ಲ ಭಯವಾಗುತ್ತದೆ. ಕಾಯಿಲೆ ವಾಸಿ ಮಾಡುವ ಬೇರಿಗೆ ತೊಂದರೆ ಕೊಡುವ ಶಕ್ತಿಯೂ ಇರುತ್ತದೆ, ಅಲ್ವಾ? ಹಳೆಯ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ವತ್ಸನಾಭಿ, ಕಾಸರಕ, ಭಲ್ಲಾತಕದಂಥ ವಿಷವಿರುವ ಮೂಲಿಕೆಗಳನ್ನು ಶುದ್ಧಿ ಮಾಡದೆ ಅವರು ಬಳಸುತ್ತಿರಲಿಲ್ಲ. ಈಗಿನ ಔಷಧ ನಿಯಮಗಳ ಷೆಡ್ಯೂಲ್ ಇ(1)ರಲ್ಲಿ ಇಂಥ ದ್ರವ್ಯಗಳ ಪಟ್ಟಿಯೇ ಇದೆ. ಅವು ಸೇರಿದ ಡಬ್ಬಿಯ ಮೇಲೆ ವೈದ್ಯರ ನಿಗಾದಲ್ಲಿ ಮಾತ್ರ ಬಳಸಿ ಅಂತ ಎಚ್ಚರಿಕೆ ಇರಲೇಬೇಕು. ಆದರೆ ಆ ಪಟ್ಟಿಯಲ್ಲಿ ಇಲ್ಲದ, ಮನೆಮನೆಯಲ್ಲೂ ಇರುವ ವಸ್ತುವಿನಿಂದಲೂ ತೊಂದರೆ ಬರುತ್ತದೆ.

ಜೇಷ್ಠಮಧುವನ್ನೇ ತಗೊಳ್ಳಿ. ಒಂದು ಮಳೆಗಾಲ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ ವಯಸ್ಸಾದ ಹೆಂಗಸೊಬ್ಬರು ಮಂಡಿನೋವು ಅಂತ ಬಂದರು. ಕಾಲು ಊದಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಬಿ.ಪಿ. ಮಾತ್ರೆ ತಪ್ಪದೆ ತಗೊಳ್ಳುತ್ತಿದ್ದರು, ಆದರೂ ಬಿ.ಪಿ. ಜಾಸ್ತಿ. ಬೇರೆ ಏನಾದರೂ ಔಷಧ ತಗೊಳ್ತೀರಾ ಅಂದರೆ ಇಲ್ಲ ಅಂದರು. ಆಮೇಲೆ ಪ್ರಶ್ನೆ ಬದಲಾಯಿಸಿದೆ: ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ ಬಾಯಿಗೆ ಏನೇನು ಹಾಕಿಕೊಳ್ತೀರಿ, ಒಂದೊಂದಾಗಿ ಹೇಳಿ. ಕಾಫಿ, ಗಂಜಿ, ಎಲೆಅಡಿಕೆ ಎಲ್ಲ ಆದ ಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ ಜೇಷ್ಠಮಧುವಿನ ಕಡ್ಡಿ ತೋರಿಸಿದರು. ಮಳೆ ಶುರುವಾದಾಗಿನಿಂದ ಕೆಮ್ಮಿಗೆ ಅಂತ ಇಡೀ ದಿನ ಅದನ್ನು ಬಾಯಲ್ಲಿ ಇಟ್ಟುಕೊಂಡೇ ಇರುತ್ತಿದ್ದರಂತೆ. ರಾತ್ರಿ ಅದರದ್ದೇ ಕಷಾಯ ಬೇರೆ.

ಜೇಷ್ಠಮಧುವಿನಲ್ಲಿರುವ ಗ್ಲೈಸಿರೈಜಿನ್ ದೇಹದಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ, ಬಿ.ಪಿ. ಏರಿಸುತ್ತದೆ. ನೀರಿನಂಶ ಇಳಿಸುವ ಮಾತ್ರೆಯೋ ಹೃದಯಕ್ಕೆ ಕೊಡುವ ಡಿಗಾಕ್ಸಿನ್ನೋ ಜೊತೆಗಿದ್ದರೆ ಅಪಾಯ ಇನ್ನೂ ಹೆಚ್ಚು. ಕಡ್ಡಿ, ಕಷಾಯ ಎರಡನ್ನೂ ನಿಲ್ಲಿಸಲು ಹೇಳಿ, ಅವರ ಬಿ.ಪಿ. ನೋಡುವ ಡಾಕ್ಟರ ಹತ್ತಿರ ಚೀಟಿ ಬರೆದು ಕಳಿಸಿದೆ. ಮುಂದಿನ ವಾರಗಳಲ್ಲಿ ಊತ ಇಳಿಯಿತು, ಬಿ.ಪಿ. ಹತೋಟಿಗೆ ಬಂತು. ನಿಲ್ಲಿಸಿದ ಮೇಲೆ ತೊಂದರೆ ಕಡಿಮೆಯಾಯಿತಾ ಅನ್ನುವುದು ಔಷಧದ ಅಡ್ಡಪರಿಣಾಮ ಗುರುತಿಸುವ ಈ ಕೆಲಸದಲ್ಲಿ ಬಹಳ ಮುಖ್ಯವಾದ ಪ್ರಶ್ನೆ. ಆಗಿದ್ದರೆ, ಬೇರೆ ಕಾರಣ ಕಾಣದಿದ್ದರೆ, ಸಂಬಂಧ ಇರುವ ಸಾಧ್ಯತೆ ಹೆಚ್ಚು ಅಂತ ಬರೆಯುತ್ತೇವೆ. ಖಚಿತ ಮಾಡಿಕೊಳ್ಳಬೇಕು ಅಂತ ಮತ್ತೆ ಕೊಟ್ಟು ನೋಡುವ ಹಾಗಿಲ್ಲ.

ದಿನವಿಡೀ ಬಾಯಿಗೆ ಏನೇನು ಹಾಕಿಕೊಳ್ತೀರಿ ಅನ್ನುವ ಆ ಪ್ರಶ್ನೆ ಈಗ ನನ್ನ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕಡ್ಡಾಯ. ಮನೆಮದ್ದು, ಗಿಡಮೂಲಿಕೆ ಮಾರುವ ಗ್ರಂಧಿಗೆ ಅಂಗಡಿಯ ಪುಡಿ, ಆನ್‌ಲೈನಲ್ಲಿ ತರಿಸಿದ ಕ್ಯಾಪ್ಸೂಲ್ ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ. ಇಂಗ್ಲಿಷ್ ಔಷಧ ಕೊಡುವ ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ ಅಂತ ಹೆದರಿಕೆ. ನಮ್ಮಂಥ ಆಯುರ್ವೇದ ವೈದ್ಯರ ಹತ್ತಿರ ಆ ಡಾಕ್ಟರ ಮಾತ್ರೆ ಹೆಸರು ಹೇಳಲು ರೋಗಿಗಳಿಗೆ ಸಂಕೋಚ. ಮಧ್ಯದಲ್ಲಿ ರೋಗಿಯೊಬ್ಬರೇ ಎರಡನ್ನೂ ನುಂಗುತ್ತಿರುತ್ತಾರೆ.

ಇನ್ನು ಬಲ ಪುಟ. ಅದು ಶುರುವಾಗಿದ್ದು ಅಶೋಕದ ತೊಗಟೆಯಿಂದ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇರುವವರಿಗೆ ಕೊಡುವ ಕಷಾಯ ಒಂದು ಬ್ಯಾಚಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮುಂದಿನ ಬ್ಯಾಚಿನಲ್ಲಿ ಒಬ್ಬರಿಗೂ ಗುಣ ಕಾಣಲಿಲ್ಲ. ಅಡ್ಡಪರಿಣಾಮ ಏನೂ ಇಲ್ಲ, ಸುಮ್ನೆ ಔಷಧ ಕೆಲಸ ಮಾಡುತ್ತಿಲ್ಲ. ಇದೂ ವರದಿ ಮಾಡಬೇಕಾದ ವಿಷಯವೇ. ರಕ್ತ ಹೋಗುತ್ತಲೇ ಇರುವ ಹೆಂಗಸಿಗೆ ಕೆಲಸ ಮಾಡದ ಔಷಧ ಕೊಟ್ಟರೆ ಹಿಮೋಗ್ಲೋಬಿನ್ ಇಳಿಯುತ್ತಲೇ ಹೋಗುತ್ತದೆ. ಚೀಲ ಬಿಚ್ಚಿ ತೊಗಟೆಗಳನ್ನು ಬಿಸಿಲಿಗೆ ಹರಡಿ ನೋಡಿದೆ. ನಿಜವಾದ ಅಶೋಕದ ತೊಗಟೆಯ ಹೊರಮೈ ಒರಟು, ಸಣ್ಣ ಸಣ್ಣ ಗಂಟುಗಳಿರುತ್ತವೆ, ಒಳಮೈ ಕೆಂಪು ಮಿಶ್ರಿತ ಕಂದು, ಅಗಿದರೆ ಒಗರು. ಚೀಲದಲ್ಲಿದ್ದ ಬಹುಪಾಲು ತುಂಡುಗಳ ಒಳಮೈ ಹಳದಿ, ಮುರಿದರೆ ನಾರು ನಾರಾಗಿ ಎದ್ದು ಬರುತ್ತಿತ್ತು. ಶಾಲೆ, ಆಫೀಸುಗಳ ಕಾಂಪೌಂಡಿನಲ್ಲಿ ಉದ್ದಕ್ಕೆ ಬೆಳೆಸುವ ಮರ ಇದೆಯಲ್ಲ, ಪಾಲಿಆಲ್ಥಿಯಾ, ಅದರ ತೊಗಟೆ. ಅಶೋಕದ ಹೆಸರಲ್ಲಿ ಇದನ್ನು ಮಾರುವುದು ದೇಶದ ಮಾರುಕಟ್ಟೆಯಲ್ಲಿ ಹಳೆಯ ಕಥೆ.

ಮಾರುವವರನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಅಶೋಕ ಎಲ್ಲಿದೆ? ಪಶ್ಚಿಮ ಘಟ್ಟದ ಹೊಳೆಬದಿಯ ಮರ ಅದು. ಅಳಿವಿನ ಅಪಾಯವಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿರುವ ಜಾತಿ. ಮರದ ಸುತ್ತ ತೊಗಟೆ ಸುಲಿದರೆ ಮರ ಸಾಯುತ್ತದೆ. ಬೇಡಿಕೆ ಮಾತ್ರ ಏರುತ್ತಲೇ ಇದೆ. 2017ರ ರಾಷ್ಟ್ರೀಯ ಔಷಧಿ ಸಸ್ಯ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ವ್ಯಾಪಾರವಾಗುವ ಔಷಧಿ ಸಸ್ಯಗಳು 1178 ಜಾತಿ, ಅದರಲ್ಲಿ 242 ಜಾತಿಗಳು ವರ್ಷಕ್ಕೆ 100 ಟನ್‌ಗಿಂತ ಹೆಚ್ಚು ಬಿಕರಿಯಾಗುತ್ತವೆ. ಕಾಡಲ್ಲಿ ಮರ ಕಡಿಮೆಯಾದಾಗ ಚೀಲ ಖಾಲಿ ಬರುವುದಿಲ್ಲ, ಬೇರೆ ಏನೋ ತುಂಬಿಕೊಂಡು ಬರುತ್ತದೆ. ನನ್ನ ಎದುರು ಕೂತ ರೋಗಿಯ ರಕ್ತಕ್ಕೂ ಹೊಳೆಬದಿಯಲ್ಲಿ ಸುಲಿದುಹೋದ ಮರಕ್ಕೂ ಇರುವ ಸಂಬಂಧ ಇಷ್ಟು ನೇರ.

ಅಶೋಕದ ಬದಲಿ ತೊಗಟೆಯಿಂದ ಗುಣವಾಗಲಿಲ್ಲ, ಅಷ್ಟೇ. ಎಲ್ಲ ಸಲವೂ ಅಷ್ಟಕ್ಕೇ ಮುಗಿಯುವುದಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಗಳಲ್ಲಿ ಸ್ಟೆಫಾನಿಯಾ ಬೇರಿನ ಬದಲು ಅರಿಸ್ಟೊಲೋಕಿಯಾ ಬೇರು ಸೇರಿಹೋಗಿ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ನಮ್ಮ ಬೇಲಿಯಲ್ಲಿ ಹಬ್ಬುವ ಈಶ್ವರಬಳ್ಳಿ ಅದೇ ಕುಲದ್ದು. ಹಾವು ಕಚ್ಚಿದರೆ ಅದರ ಬೇರು ಅರೆದು ಕುಡಿಸುವವರು ಇನ್ನೂ ಇದ್ದಾರೆ. ಬೇಡ ಅಂತ ಎಲ್ಲರಿಗೂ ಹೇಳುತ್ತೇನೆ, ಹಾವು ಕಚ್ಚಿದರೆ ನೇರ ಆಸ್ಪತ್ರೆಗೆ. ಅಮೃತಬಳ್ಳಿ ವಿಷಯದಲ್ಲೂ ಕೊರೋನಾ ಕಾಲದಲ್ಲಿ ದೊಡ್ಡ ಚರ್ಚೆ ಆಯಿತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದವರಲ್ಲಿ ಲಿವರ್ ತೊಂದರೆ ಕಂಡಿದ್ದಾಗಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟೈನೋಸ್ಪೋರಾ ಕ್ರಿಸ್ಪಾ ಬೇರೆ, ಅದರಿಂದ ತೊಂದರೆ ಆಗಬಹುದು ಅಂತು. ಕುಡಿದ ಬಳ್ಳಿಯ ಒಂದು ತುಂಡನ್ನು ಎಲ್ಲರೂ ಎತ್ತಿಟ್ಟಿದ್ದರೆ ಈ ವಾದ ಎಷ್ಟೋ ಬೇಗ ಮುಗಿಯುತ್ತಿತ್ತು. ನಾನಂತೂ ಲಿವರ್ ಕಾಯಿಲೆ ಇರುವವರಿಗೆ, ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ ಇರುವವರಿಗೆ ಅಮೃತಬಳ್ಳಿ ಕೊಡುವುದಿಲ್ಲ.

ಹಾಗಾಗಿ ಈಗ ಬರುವ ಪ್ರತಿ ಚೀಲಕ್ಕೂ ಒಂದು ನಂಬರು. ಗಿಡದ ಹೆಸರು, ಭಾಗ, ತಂದವರು, ಜಾಗ, ತಿಂಗಳು ಬರೆದು ಒಂದು ಹಿಡಿ ಮಾದರಿಯನ್ನು ಪುಡಿ ಮಾಡದೆ ಗಾಜಿನ ಬಾಟಲಿಯಲ್ಲಿ ಎತ್ತಿಡುತ್ತೇನೆ. ಪುಡಿಯಾದ ಮೇಲೆ ಯಾವುದು ಯಾವುದೋ ಕಣ್ಣಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಪುಡಿ ರೂಪದಲ್ಲಿ ಏನನ್ನೂ ಕೊಳ್ಳುವುದನ್ನು ನಿಲ್ಲಿಸಿದೆ. ಅದೇ ನಂಬರು ರೋಗಿಗೆ ಕೊಡುವ ಪೊಟ್ಟಣದ ಮೇಲೂ ಹೋಗುತ್ತದೆ. ಯಾರಿಗಾದರೂ ವಾಂತಿ, ತುರಿಕೆ ಆದರೆ ಅದೇ ನಂಬರಿನ ಪೊಟ್ಟಣ ತಗೊಂಡ ಬೇರೆಯವರಿಗೆ ಫೋನ್ ಮಾಡುತ್ತೇನೆ. ಒಬ್ಬರಿಗೇ ಆಗಿದ್ದರೆ ಅವರ ಮೈಗುಣ ಇರಬಹುದು. ನಾಲ್ಕಾರು ಜನರಿಗೆ ಆಗಿದ್ದರೆ ಚೀಲವನ್ನೇ ಅನುಮಾನಿಸಬೇಕು.

ಕೊಡಗಿನಲ್ಲಿ ಚೀಲದ ತೊಂದರೆಗೆ ಎರಡು ದೊಡ್ಡ ಕಾರಣ. ಒಂದು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೇರು ಒಣಗುವುದೇ ಇಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ತೊಳೆದು ಮತ್ತೆ ಒಣಗಿಸಿದರೆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದರ ವಿಷ ಹೋಗಿರುವುದಿಲ್ಲ. ಬೇರುಗಳನ್ನು ನಾನು ಡಿಸೆಂಬರ್ ನಂತರವೇ ತರಿಸುತ್ತೇನೆ. ಅಷ್ಟರಲ್ಲಿ ಹೆಚ್ಚಿನ ಗಿಡಗಳ ಬೀಜವೂ ಉದುರಿರುತ್ತದೆ, ಗಿಡಕ್ಕೂ ಒಳ್ಳೆಯದು. ಇನ್ನೊಂದು ಸ್ಪ್ರೇ. ಮೆಣಸಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಸೇರಿದ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಕಳೆಗೆ ಕಳೆನಾಶಕ. ತೋಟದ ಬೇಲಿಯ ಆಡುಸೋಗೆ, ಒಂದೆಲಗ ಎಲ್ಲದರ ಮೇಲೂ ಅದು ಬೀಳುತ್ತದೆ. ಎಲೆ ತಂದವರನ್ನು ಮೊದಲು ಕೇಳುವುದೇ ಯಾವ ತೋಟ, ಯಾವಾಗ ಹೊಡೆದರು ಅಂತ. ಉತ್ತರ ಸರಿಯಾಗಿ ಬರದಿದ್ದರೆ ತಗೊಳ್ಳಲ್ಲ.

ಬೇರು ತರುವವರು ತಿತಿಮತಿ ಕಡೆಯ ಜೇನುಕುರುಬ, ಯರವ ಕುಟುಂಬಗಳು. ಗಿಡ ಗುರುತಿಸುವುದರಲ್ಲಿ ನನಗಿಂತ ಅವರ ಕಣ್ಣು ಚುರುಕು. ಮೊದಲು ಎಲ್ಲರ ಹಾಗೆ ಕಿಲೋ ಲೆಕ್ಕದಲ್ಲಿ ಹಣ ಕೊಡುತ್ತಿದ್ದೆ. ಕಿಲೋ ಲೆಕ್ಕ ಅಂದರೆ ಹೆಚ್ಚು ಅಗೆದವರಿಗೆ ಹೆಚ್ಚು ದುಡ್ಡು. ಕೂತು ಮಾತಾಡಿದ ಮೇಲೆ ಪದ್ಧತಿ ಬದಲಾಯಿತು. ಸೀಸನ್ನಿಗೆ ಇಂತಿಷ್ಟು ಬೇಕು ಅಂತ ಮೊದಲೇ ಹೇಳಿ, ಅರ್ಧ ಹಣ ಮುಂಗಡ ಕೊಟ್ಟು, ಒಣಗಿದ ಶುದ್ಧ ಮಾಲಿಗೆ ಮಾರುಕಟ್ಟೆಗಿಂತ ಜಾಸ್ತಿ ದರ. ಅದಕ್ಕಿಂತ ಹೆಚ್ಚು ತಂದರೆ ಕೊಳ್ಳುವುದಿಲ್ಲ. ಶತಾವರಿಯಲ್ಲಿ ಸುತ್ತಲಿನ ಗಡ್ಡೆ ಮಾತ್ರ ಕೀಳುವುದು, ನಡುವಿನ ಮೊಳಕೆಯನ್ನು ಮತ್ತೆ ಮಣ್ಣಿಗೆ ಒತ್ತುವುದು. ತೊಗಟೆ ಬೇಕಿದ್ದರೆ ಕೊಂಬೆಯದು, ಕಾಂಡಕ್ಕೆ ಕತ್ತಿ ಹಾಕುವ ಹಾಗಿಲ್ಲ. ದೇವರಕಾಡಿನಿಂದ ಒಂದೆಲೆಯೂ ಬೇಡ. ಜಿಲ್ಲೆಯಲ್ಲಿ ಸುಮಾರು 1200 ದೇವರಕಾಡುಗಳಿವೆ, ಹೊರಗೆ ಕಾಣದ ಎಷ್ಟೋ ಮರಗಳ ಬೀಜಕ್ಕೆ ಅವೇ ಆಸರೆ.

ಬಳಕೆಯನ್ನೂ ಕಡಿಮೆ ಮಾಡಿದ್ದೇನೆ. ಮರದರಿಶಿನ ದಕ್ಷಿಣದ ಕಾಡುಗಳಲ್ಲಿ ಮುಗಿಯುತ್ತಾ ಬಂದಿದೆ. ಒಂದು ದ್ರವ್ಯ ಇಲ್ಲದಿದ್ದರೆ ಯಾವುದನ್ನು ಬಳಸಬಹುದು ಅಂತ ನಮ್ಮ ಗ್ರಂಥಗಳಲ್ಲೇ ಹೇಳಿದೆ, ಸಾಧ್ಯವಿದ್ದಲ್ಲಿ ಅರಿಶಿನದಲ್ಲೇ ಕೆಲಸ ಮುಗಿಸುತ್ತೇನೆ. ಬದಲಿ ಹಾಕಿದ್ದನ್ನು ರಿಜಿಸ್ಟರಿನಲ್ಲಿ ಬರೆಯುತ್ತೇನೆ, ರೋಗಿಗೂ ಹೇಳುತ್ತೇನೆ. ಹಿಪ್ಪಲಿ ಕಾಫಿ ತೋಟದ ನೆರಳಲ್ಲಿ ಸೊಗಸಾಗಿ ಬರುತ್ತದೆ, ಪರಿಚಯದ ಇಬ್ಬರು ಬೆಳೆಗಾರರು ಸ್ಪ್ರೇ ಇಲ್ಲದ ಮೂಲೆಯಲ್ಲಿ ಹಾಕಿಕೊಟ್ಟಿದ್ದಾರೆ. ತೋಡಿನ ಪಕ್ಕ ಅಶೋಕದ ಸಸಿಗಳನ್ನೂ ನೆಟ್ಟಿದ್ದೇವೆ. ಅವುಗಳ ತೊಗಟೆ ನನ್ನ ಕಾಲಕ್ಕೆ ಸಿಗುವುದು ಕಷ್ಟ.

ನಮ್ಮೂರಿನದೇ ಎರಡು ವಿಷಯ ಹೇಳಬೇಕು. ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ನಮಗೆ ಗೊತ್ತು, ಹೊರಗಿನಿಂದ ಬಂದ ನರ್ಸಿಗೆ ಗೊತ್ತಿಲ್ಲ, ರಕ್ತ ಹೋಗುತ್ತಿದೆ ಅಂತ ಗಾಬರಿಯಾಗಬಹುದು. ನಿರೀಕ್ಷಿತ ಬದಲಾವಣೆಯನ್ನೂ ಬರೆದಿಡಬೇಕು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಹಾಗಂತ ಬಣ್ಣ ಹಲವು ದಿನ ಹಾಗೇ ಇದ್ದರೆ ಸೊಪ್ಪಿನ ಮೇಲೆ ಹಾಕಿ ಸುಮ್ಮನಿರಬಾರದು, ಪರೀಕ್ಷೆ ಮಾಡಿಸಬೇಕು. ಎರಡನೆಯದು ಕಾಚಂಪುಳಿ, ಹಂದಿಮಾಂಸದ ಪಂದಿಕರಿಗೆ ಹಾಕುವ ಹಣ್ಣಿನ ಹುಳಿ. ತೂಕ ಇಳಿಸಲು ಗಾರ್ಸಿನಿಯಾ ಕ್ಯಾಪ್ಸೂಲ್ ತರಿಸಿಕೊಂಡ ಹುಡುಗಿಯೊಬ್ಬಳು ಇದು ನಮ್ಮ ಪಂದಿಕರಿಗೆ ಹಾಕುವುದೇ ತಾನೇ ಅಂತ ಕೇಳಿದಳು. ಹಣ್ಣು ಅದೇ. ಆದರೆ ಸಾರಿಗೆ ಬೀಳುವುದು ಒಂದೆರಡು ಚಮಚ, ಅದನ್ನು ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಕ್ಯಾಪ್ಸೂಲಿನಲ್ಲಿ ಹಣ್ಣಿನ ಆಮ್ಲವನ್ನು ಸಾಂದ್ರ ಮಾಡಿ ತುಂಬಿರುತ್ತಾರೆ, ದಿನಾ ಎರಡು ಮೂರು ಹೊತ್ತು, ತಿಂಗಳುಗಟ್ಟಲೆ. ಇಂಥ ಕ್ಯಾಪ್ಸೂಲಿನಿಂದ ಲಿವರ್ ಹಾನಿಯಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ.

ವರದಿ ಮಾಡುವುದು ಅಂದುಕೊಂಡಷ್ಟು ಕಷ್ಟವಲ್ಲ. ಆಯುಷ್ ಔಷಧಗಳಿಗೆ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ರಾಷ್ಟ್ರೀಯ ಕೇಂದ್ರ, ಅದರ ಕೆಳಗೆ ಕಾಲೇಜು, ಆಸ್ಪತ್ರೆಗಳಲ್ಲಿ ಸಣ್ಣ ಕೇಂದ್ರಗಳಿವೆ. 2025ರಲ್ಲಿ ಆಯುಷ್ ಸುರಕ್ಷಾ ಪೋರ್ಟಲ್ ಕೂಡ ಬಂತು. ಇಂಗ್ಲಿಷ್ ಔಷಧಗಳಿಗೆ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದ ಸಹಾಯವಾಣಿ 1800-180-3024. ಫಾರಂ ಒಂದೆರಡು ಪುಟ: ಯಾರಿಗೆ, ಯಾವ ಔಷಧ, ಎಷ್ಟು, ಯಾವಾಗ ಶುರು, ಯಾವಾಗ ತೊಂದರೆ, ನಿಲ್ಲಿಸಿದ ಮೇಲೆ ಏನಾಯಿತು, ಜೊತೆಗೆ ಬೇರೆ ಏನು ತಗೊಳ್ಳುತ್ತಿದ್ದರು. ರೋಗಿಯ ಗುರುತು ಗುಟ್ಟಾಗಿರುತ್ತದೆ. ಔಷಧವೇ ಕಾರಣ ಅಂತ ನೀವು ಸಾಬೀತು ಮಾಡಬೇಕಿಲ್ಲ, ಅನುಮಾನ ಇದ್ದರೆ ಸಾಕು. ವೈದ್ಯರೇ ಆಗಬೇಕಂತಲೂ ಇಲ್ಲ.

ಓದುತ್ತಿರುವವರು ಔಷಧ ತಗೊಳ್ಳುವವರಾಗಿದ್ದರೆ, ತೊಂದರೆ ಅನಿಸಿದಾಗ ಪೊಟ್ಟಣ ಎಸೆಯಬೇಡಿ. ಉಳಿದ ಪುಡಿ, ಬೇರು ಏನಿದೆಯೋ ಅದನ್ನು ಒಣ ಡಬ್ಬಿಯಲ್ಲಿ ಹಾಕಿಡಿ, ಎಲ್ಲಿಂದ ತಂದಿರಿ, ಯಾವ ತಿಂಗಳು ಅಂತ ಒಂದು ಚೀಟಿ ಬರೆದು ಒಳಗಿಡಿ, ಡಾಕ್ಟರ ಹತ್ತಿರ ಹೋಗುವಾಗ ಅದನ್ನೂ ಹಿಡಿದುಕೊಂಡು ಹೋಗಿ.