ತೂಕದ ಫೋನು: ಹಾರ್ಟ್ ಫೇಲ್ಯೂರ್‌ನವರನ್ನು ಮೂವರಂತೆ ಜೋಡಿಸಿದ ಅನುಭವ

ಹಾರ್ಟ್ ಫೇಲ್ಯೂರ್‌ನವರನ್ನು ಅಂದರೆ ಹೃದಯದ ಪಂಪು ಸೋತು ಮೈಯಲ್ಲಿ ನೀರು ನಿಲ್ಲುವ ಕಾಯಿಲೆಯವರನ್ನು, ಒಬ್ಬರಿಗೊಬ್ಬರು ಜೋಡಿಸಿದರೆ ಹೆದರಿಸಿಕೊಂಡು ಕೂರುತ್ತಾರೆ ಎಂದವರೇ ಈಗ ಹೊಸಬರನ್ನು ‘ಸಿಸ್ಟರ್ ಹತ್ರ ಹೋಗಿ, ಗುಂಪಿಗೆ ಸೇರಿಸ್ತಾರೆ’ ಎಂದು ನರ್ಸ್ ಆದ ನನ್ನ ಹತ್ತಿರ ಕಳಿಸುತ್ತಾರೆ. ಉಪ್ಪು, ನೀರು, ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಲ್ಯಾಸಿಕ್ಸ್ ಮಾತ್ರೆ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಮೊದಲು ವಾಟ್ಸಾಪ್ ಗುಂಪು ಮಾಡಿದೆ. ಗುಡ್ ಮಾರ್ನಿಂಗ್ ಹೂವುಗಳ ನಡುವೆ ಯಾರೋ ಮತ್ತಿ ಮರದ ಚಕ್ಕೆಯ ಕಷಾಯವೇ ಮದ್ದೆಂದು ಹಾಕಿದರು. ಇಬ್ಬರು ಮಾತ್ರೆ ಬಿಟ್ಟು ಕಾಲು ಊದಿಸಿಕೊಂಡು ಬಂದರು. ಮುಚ್ಚಿದೆ. ತಿಂಗಳ ಸಭೆಯೂ ಕೈಹಿಡಿಯಲಿಲ್ಲ. ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂದು ಬೆಳಗಿನ ಲ್ಯಾಸಿಕ್ಸ್ ತಪ್ಪಿಸಿಯೇ ಬರುತ್ತಿದ್ದರು!

ಕೊನೆಗೆ ಉಳಿದದ್ದು ಫೋನು. ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ, ಒಂದೇ ತರಹದ ಬಟ್ಟೆಯಲ್ಲಿ ತೂಕ. ಅದನ್ನು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದು, ಎಂಟರೊಳಗೆ ಜೊತೆಗಾರರಿಗೆ ಫೋನು. ಮಾತು ಮೂರೇ: ಎಷ್ಟು ಕೆಜಿ, ರಾತ್ರಿ ಎಷ್ಟು ದಿಂಬು, ಮಾತ್ರೆ ಆಯಿತಾ. ಮೈಯಲ್ಲಿ ನೀರು ನಿಂತರೆ ತೂಕ ಏರುತ್ತದೆ, ಚಪ್ಪಟೆ ಮಲಗಿದರೆ ಉಸಿರು ಸಾಲದೆ ದಿಂಬು ಹೆಚ್ಚುತ್ತದೆ. 3 ದಿನದಲ್ಲಿ 2 ಕೆಜಿ ಏರಿದರೆ ಅಥವಾ ದಿಂಬು ಹೆಚ್ಚಾದರೆ ನನಗೆ ಫೋನ್ ಮಾಡಬೇಕಾದವರು ಜೊತೆಗಾರರು. ‘ಸುಮ್ನೆ ಯಾಕೆ ತೊಂದರೆ ಕೊಡೋದು’ ಎಂದು ತನ್ನ ಊತ ಮುಚ್ಚಿಡುವವರು ಜೊತೆಗಾರರ ಊತ ಮುಚ್ಚಿಡುವುದಿಲ್ಲ. ಮಾತ್ರೆ ಹೆಚ್ಚು ಕಡಿಮೆ ಮಾಡಲು ಯಾರೂ ಹೇಳುವಂತಿಲ್ಲ. ಮಲಗಿದಾಗ ಉಸಿರು ಕಟ್ಟಿದರೆ ನೇರ 108.

ತೂಕದ ಮಷಿನ್ ಆಗ ಒಂದಕ್ಕೆ 800 ರೂಪಾಯಿ ಆಸುಪಾಸು. ಪುಕ್ಕಟೆ ಕೊಟ್ಟವು ಅಟ್ಟ ಸೇರಿದವು. 200 ಡಿಪಾಸಿಟ್ ಇಟ್ಟಮೇಲೆ ದಿನಾ ಹತ್ತಿದರು. ಸಗಣಿ ಸಾರಿಸಿದ ನೆಲದಲ್ಲಿ, ಬಚ್ಚಲ ಇಳಿಜಾರಿನಲ್ಲಿ ಅಂಕಿ ತಪ್ಪುತ್ತದೆ. ಕಡಪಾ ಕಲ್ಲಿನ ತುಂಡೊಂದನ್ನು ಮಟ್ಟವಾಗಿ ಹಾಕಿಸಿ, ಮಷಿನ್ ಅಲ್ಲಿಂದ ಕದಲದಿರಲಿ. ಸೆಲ್ ತೀರುತ್ತಾ ಬಂದಾಗಲೂ ಅಂಕಿ ಕುಣಿಯುತ್ತದೆ. ತೂಕ ಏರಿತೆಂದು ಓಡಿಬಂದವರಲ್ಲಿ ಮೊದಲು ಅದನ್ನೇ ಕೇಳಿ.

ಇಬ್ಬರ ಜೋಡಿ ಸಾಲದು. ಒಬ್ಬರು ತೀರಿಕೊಂಡರೆ ಇನ್ನೊಬ್ಬರು ಮಷಿನ್ ಹತ್ತುವುದನ್ನೇ ಬಿಡುತ್ತಾರೆ. ಅದಕ್ಕೇ ಮೂವರು. ಸಾವಿನ ಸುದ್ದಿ ಉಳಿದಿಬ್ಬರಿಗೆ ಊರವರ ಬಾಯಿಂದ ತಲುಪುವ ಮುಂಚೆ, ಮನೆಯವರು ಪಕ್ಕದಲ್ಲಿರುವಾಗ ನಾವೇ ಹೇಳಬೇಕು. ಏನಾಯಿತೆಂದು ಕೇಳಿಯೇ ಕೇಳುತ್ತಾರೆ. ಮಾತ್ರೆ ತಪ್ಪಿಸಿದ್ದು ಕಾರಣವಾಗಿದ್ದರೂ ಆ ದಿನ ಅದನ್ನು ಹೇಳುವುದು ಬೇಡ. ತಿಥಿ ಕಳೆಯುವತನಕ ಹೊಸಬರನ್ನು ಸೇರಿಸಬೇಡಿ, ಒಗ್ಗುವುದಿಲ್ಲ. ಎರಡು ವಾರವಾದರೂ ಊಟ, ನಿದ್ದೆ, ಮಾತು ಯಾವುದೂ ಬೇಡವೆಂದರೆ ಅದು ಬರೀ ದುಃಖವಲ್ಲ. ಡಾಕ್ಟರಿಗೆ ತೋರಿಸಿ, ಟೆಲಿ ಮಾನಸ್ 14416 ಕೂಡ ಕೊಡಿ.

ಜೋಡಿಸುವಾಗ ವಯಸ್ಸಿಗಿಂತ ಏಳುವ ಹೊತ್ತು ನೋಡಿ.

ಇವರ ಮನೆಗಳಲ್ಲಿ ಅಡುಗೆ ಮಾಡುವವರನ್ನೂ ಹೀಗೇ ಒಬ್ಬರಿಗೊಬ್ಬರು ಜೋಡಿಸಿದೆ. ಉಪ್ಪು ಹಾಕುವ ಮುಂಚೆ ರೋಗಿಗೆಂದು ಒಂದು ಸೌಟು ಸಾರು ತೆಗೆದಿಟ್ಟು ನಿಂಬೆ ಹಿಂಡುವುದು ಸೊಸೆಯೊಬ್ಬರು ಹೇಳಿಕೊಟ್ಟ ಉಪಾಯ, ಎಲ್ಲ ಮನೆಗೂ ಹಬ್ಬಿತು. ಅದರ ಹಿಂದೆಯೇ ‘ಲೋ ಸೋಡಿಯಂ’ ಉಪ್ಪಿನ ಪೊಟ್ಟಣವೂ ಕೈಬದಲಾಯಿತು. ಅದರಲ್ಲಿ ಸೋಡಿಯಂನ ಒಂದು ಭಾಗದ ಬದಲಿಗೆ ಇರುವುದು ಪೊಟ್ಯಾಸಿಯಂ; ಮೈಯಲ್ಲಿ ಪೊಟ್ಯಾಸಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅಪಾಯ. ಎಲ್ಲ ವಾಪಸ್ ತರಿಸಿದೆ. ಎಳನೀರಿನಲ್ಲೂ ಪೊಟ್ಯಾಸಿಯಂ ಇದೆ, ಅದನ್ನು ದಿನಾ ಕುಡಿಯುವವರಿಗೂ ಇದೇ ಮಾತು.