ಕಾಟಾ ಹಾಕಿ ಮಾರಿದ ಟಗರು ಮರಿಗಳು: ನನ್ನ ಅನುಭವ

ಹೋದ ವಾರ 56 ಟಗರು ಮರಿ ಕಾಟಾ, ಅಂದರೆ ತೂಕದ ಯಂತ್ರ, ಹತ್ತಿ ಇಳಿದವು. ಸರಾಸರಿ 26 ಕೆಜಿ ಬಂತು. ಒಂದಂತೂ 31 ತೂಗಿತು. ಮಟನ್ ಅಂಗಡಿಯವರು ಮೂರು ಜನ ನಮ್ಮ ಶೆಡ್ ಮುಂದೆಯೇ ದುಡ್ಡು ಎಣಿಸಿ ಕೊಟ್ಟು ಹೋದರು. ದಲ್ಲಾಳಿ ಇಲ್ಲ, ಸಂತೆ ಸುಂಕ ಇಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕಟ್ಟುವ ವ್ಯಾಪಾರ ಇಲ್ಲ. ಆರೇಳು ವರ್ಷದ ಹಿಂದೆ ಇದು ಆಗುತ್ತೆ ಅಂದರೆ ನಮ್ಮೂರಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಾ ಕಡೆ. ಕಡಲೆಕಾಯಿ ಹೊಲ. ಮನೆತನಕ್ಕೆ ಕುರಿ ಹೊಸದಲ್ಲ. ದೊಡ್ಡಪ್ಪ ಇವತ್ತಿಗೂ ಎಂಬತ್ತು ಕುರಿ ಹೊಡೆದುಕೊಂಡು ಹೋಗುತ್ತಾರೆ. ಟಗರು ಮರಿ ತಂದು ಶೆಡ್ಡಲ್ಲೇ ಮೇಯಿಸಿ ನೂರು ದಿನಕ್ಕೆ ಮಾರುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ ಮಾತು. "ಕಾಲಾಡಿಸದ ಕುರಿಗೆ ಮಾಂಸ ಎಲ್ಲಿ ಕೂರುತ್ತಪ್ಪಾ? ಕುರಿನೂ ಫಾರಂ ಕೋಳಿ ಮಾಡ್ತೀಯಾ?"

ಮೊದಲ ಎರಡು ಬ್ಯಾಚು ನೋಡಿದವರು ಅವರ ಮಾತೇ ನಿಜ ಅಂದುಕೊಂಡರು.

2018ರ ಕೊನೆಗೆ ಒಂದು ಸಂತೆಯಲ್ಲಿ 30 ಮರಿ ಹಿಡಿದೆ. ಒಂದೊಂದಕ್ಕೆ ಸುಮಾರು 4,500 ಬಿತ್ತು. ನೋಡಲು ಹೊಟ್ಟೆ ತುಂಬಿ ದುಂಡಗಿದ್ದವು. ಮನೆಗೆ ತಂದ ಮಾರನೇ ದಿನ ನೋಡಿದರೆ ಅರ್ಧ ಮರಿಗಳ ಪಕ್ಕೆ ಒಳಗೆ ಹೋಗಿತ್ತು. ಉಪ್ಪು ನೆಕ್ಕಿಸಿ ನೀರು ಕುಡಿಸಿ ಸಂತೆಗೆ ತಂದಿದ್ದರು. ನಾನು ನೀರಿಗೆ ದುಡ್ಡು ಕೊಟ್ಟಿದ್ದೆ. ಅದು ಹೋಗಲಿ. ಹತ್ತು ಹಟ್ಟಿಯ ಮರಿ ಒಂದೇ ಆಟೋದಲ್ಲಿ ಬಂದಿದ್ದವು. ಎಂಟನೇ ದಿನ ಒಂದಕ್ಕೆ ಮೂಗು ಸುರಿಯಿತು, ಆಮೇಲೆ ಬಾಯಿ ಹುಣ್ಣು, ಭೇದಿ. ಪಿಪಿಆರ್, ಕುರಿ-ಮೇಕೆಗೆ ಬರುವ ಅಂಟುರೋಗ. ಮೂರು ವಾರದಲ್ಲಿ 11 ಹೋದವು. ಉಳಿದವು ಮತ್ತೆ ಮೈ ಹಿಡಿಯಲಿಲ್ಲ. ಮೇವು, ಔಷಧಿ ಎಲ್ಲ ಸೇರಿ 60-70 ಸಾವಿರ ಕೈ ಬಿಟ್ಟಿತು.

ಎರಡನೇ ಬ್ಯಾಚಿಗೆ ಲಸಿಕೆ ಸರಿಯಾಗಿ ಹಾಕಿಸಿದೆ, ಆದರೆ ಆಸೆ ಜಾಸ್ತಿ ಆಯಿತು. ಬೇಗ ಮೈ ಬರಲಿ ಅಂತ ಮೊದಲ ವಾರದಲ್ಲೇ ಮುಸುಕಿನ ಜೋಳದ ನುಚ್ಚು ಕಾಲು ಕೆಜಿ ದಾಟಿಸಿದೆ. ಒಂದು ಬೆಳಗ್ಗೆ ಗೋದಲಿ ಹತ್ತಿರ ನಾಲ್ಕು ಮರಿ ಕಾಲು ಚಾಚಿ ಬಿದ್ದಿದ್ದವು. ನಾಲ್ಕೂ ಬ್ಯಾಚಿನಲ್ಲಿ ದೊಡ್ಡವು. ಈ ಕೆಲಸದಲ್ಲಿ ಎಲ್ಲಕ್ಕಿಂತ ಹೊಟ್ಟೆ ಉರಿಸುವುದು ಇದೇ. ಜೋಳದಿಂದ ಸಾಯುವುದು ಸೊರಗಿದ ಮರಿ ಅಲ್ಲ, ಎಲ್ಲರನ್ನೂ ತಳ್ಳಿ ತಿನ್ನುವ ಗಟ್ಟಿ ಮರಿ. ಈಗ ನಾನು ನುಚ್ಚನ್ನು 50 ಗ್ರಾಂನಿಂದ ಶುರು ಮಾಡುತ್ತೇನೆ. ಪೂರ್ತಿ ಅಳತೆಗೆ ಬರಲು ಮೂರು ವಾರ ತಗೊಳ್ಳುತ್ತೇನೆ. ಹೀಗೆ ಕಾಳು ಜಾಸ್ತಿ ತಿಂದ ಮರಿಗೆ ಬಡಿಯುವ ಕರುಳು ಬೇನೆಯ ಲಸಿಕೆ ಒಂದು ಸಲ ಹಾಕಿ ಸುಮ್ನೆ ಬಿಡಬೇಡಿ. ಎರಡು ವಾರ ಬಿಟ್ಟು ಇನ್ನೊಂದು ಹಾಕಿಸದಿದ್ದರೆ ಮೊದಲನೆಯದು ದಂಡ.

ಮೂರನೇ ಬ್ಯಾಚು ರೆಡಿ ಆಗಿದ್ದು 2020ರ ಮಾರ್ಚ್ ಕೊನೆಗೆ. ಲಾಕ್‌ಡೌನ್ ಬಿತ್ತು, ಸಂತೆ ಎಲ್ಲ ಬಂದ್. 24 ಕೆಜಿ ಮರಿ ದಿನಾ ಮೇವು ತಿನ್ನುತ್ತಾ ನಿಂತವು. ನಿದ್ದೆ ಬರುತ್ತಿರಲಿಲ್ಲ. ಆಗ ಪಕ್ಕದ ಊರಿನ ಮಟನ್ ಅಂಗಡಿಯವರಿಗೆ ಫೋನ್ ಮಾಡಿದೆ. ಅವರಿಗೂ ಮರಿ ಸಿಗುತ್ತಿರಲಿಲ್ಲ. ಬಂದರು. ಬೆಲೆ ಮಾತಾಡಲು ಸಂತೆ ರೇಟ್ ಅಂತ ಒಂದು ಇರಲೇ ಇಲ್ಲ. "ಕಾಟಾ ಹಾಕಿ ಅಣ್ಣಾ, ಕೆಜಿಗೆ ಮಾತಾಡೋಣ" ಅಂದೆ. ಕಡಲೆಕಾಯಿ ತೂಗುವ ಕಾಟಾದ ಮೇಲೆ ಹಳೇ ಕಬ್ಬಿಣದ ಬಾಗಿಲು ಇಟ್ಟು, ಎರಡು ಕಡೆ ಹಲಗೆ ಕಟ್ಟಿ ಮರಿ ನಿಲ್ಲಿಸಿದೆವು. ಅವತ್ತು ಶುರುವಾದದ್ದು ಇವತ್ತಿಗೂ ನಡೆಯುತ್ತಿದೆ.

ಕಾಟಾ ಬಂದ ಮೇಲೆ ಕಣ್ಣಿಗೆ ಕಾಣದ ಲೆಕ್ಕ ಕಾಣಿಸಿತು. 26 ಕೆಜಿ ಮರಿಯಲ್ಲಿ ಮಾಂಸ 12, ಹೆಚ್ಚೆಂದರೆ ಹನ್ನೆರಡೂವರೆ. ಅಂಗಡಿಯಲ್ಲಿ ಕೆಜಿ 800 ಅಂದರೂ ಹತ್ತು ಸಾವಿರ. ನನಗೆ ಕೊಡುವುದು 10,300-10,400. ಹಾಗಾದರೆ ಅವರಿಗೆ ಏನು ಉಳಿಯುತ್ತೆ? ತಲೆ, ಕಾಲು, ಬೋಟಿ. ಅವರ ಲಾಭ ಅದರಲ್ಲೇ. ಮೊದಲು ಚರ್ಮಕ್ಕೂ ಇನ್ನೂರು-ಮುನ್ನೂರು ಬರುತ್ತಿತ್ತಂತೆ, ಈಗ ಅದನ್ನು ಕೇಳುವವರೇ ಇಲ್ಲ. ಇದು ತಿಳಿದ ಮೇಲೆ ನಾನು ಅವರ ಹತ್ತಿರ ಕೆಜಿಗೆ ಹತ್ತು ರೂಪಾಯಿಗೆ ಜಗಳ ಆಡುವುದು ಬಿಟ್ಟೆ. ಹಾಲು ಹಲ್ಲಿನ ಮರಿ, ಹೊಟ್ಟೆ ಖಾಲಿ ಇಟ್ಟು ಬೆಳಗ್ಗೆ ತೂಕ. ಈ ನಿಯಮ ನಾನು ಮುರಿದಿಲ್ಲ, ಅವರೂ ರೇಟು ಮುರಿದಿಲ್ಲ.

ಈಗ ಹೋದ ಬ್ಯಾಚಿನ ಲೆಕ್ಕ ಹೇಳುತ್ತೇನೆ, ಬಾಯಿಲೆಕ್ಕ. 58 ಮರಿ, ತಲಾ 12 ಕೆಜಿ ಹತ್ತಿರ, ತಲಾ 6,200. ಅಲ್ಲಿಗೆ 3 ಲಕ್ಷ 60 ಸಾವಿರ. ನುಚ್ಚು, ಕಡಲೆಕಾಯಿ ಹಿಂಡಿ, ಹೊಟ್ಟು ಸೇರಿ ಮರಿಗೆ ಸಾವಿರದ ಐನೂರು, ಅಂದರೆ ಸುಮಾರು 87 ಸಾವಿರ. ಲಸಿಕೆ, ಜಂತಿನ ಔಷಧಿ, ಗಾಡಿ ಬಾಡಿಗೆ 17 ಸಾವಿರ. ಎರಡು ಸತ್ತವು. ಮಾರಿದ್ದು 5 ಲಕ್ಷ 77 ಸಾವಿರದ ಹತ್ತಿರ. ಕೈಗೆ ಉಳಿದದ್ದು 1 ಲಕ್ಷ 10 ಸಾವಿರ. ನಮ್ಮ ಕೂಲಿ, ಮುಕ್ಕಾಲು ಎಕರೆಯಲ್ಲಿ ಬೆಳೆದ ಹಸಿ ಮೇವು (ಬೇಲಿ ಮೆಂತೆ ಮತ್ತು ಸೀಮೆಹುಲ್ಲು) ಇದರಲ್ಲಿ ಸೇರಿಲ್ಲ. ಹಿಕ್ಕೆ ಗೊಬ್ಬರ ಮಾರಿದ್ದೂ ಸೇರಿಲ್ಲ.

ಖರ್ಚಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಮರಿಯ ಬೆಲೆಯೇ, ನೋಡಿದಿರಲ್ವಾ? ಎಲ್ಲರೂ ಶೆಡ್ಡಿಗೆ, ಮರಿ ನಿಲ್ಲುವ ಪ್ಲಾಸ್ಟಿಕ್ ಅಟ್ಟಕ್ಕೆ ಲಕ್ಷಗಟ್ಟಲೆ ಸುರಿಯುತ್ತಾರೆ. ಆಮೇಲೆ ಸಂತೆಗೆ ಹೋಗಿ ಒಂದು ಮರಿಗೆ ಐನೂರು ಜಾಸ್ತಿ ಕೊಟ್ಟು ಬರುತ್ತಾರೆ. 58 ಮರಿಗೆ ಅದೇ 29 ಸಾವಿರ. ನನ್ನದು ಅಡಿಕೆ ದಬ್ಬೆಯ ಅಟ್ಟ, ಮೂರು ವರ್ಷಕ್ಕೆ ಒಂದು ಸಲ ಬದಲಾಯಿಸುತ್ತೇನೆ. ದುಡ್ಡು ಮತ್ತು ದಿನ ಎರಡನ್ನೂ ಮರಿ ಹುಡುಕುವುದಕ್ಕೆ ಹಾಕುತ್ತೇನೆ. ಸಂತೆಗೆ ಹೋಗುವುದೇ ಇಲ್ಲ. ಎರಡೋ ಮೂರೋ ಹಟ್ಟಿಗೆ ಹೋಗಿ, ತಾಯಿ ಕುರಿ ನೋಡಿ, ಅಲ್ಲೇ ಕಾಟಾ ನೇತುಹಾಕಿ ತೂಗಿ ತರುತ್ತೇನೆ. ಯಾವ ಹಟ್ಟಿ ಅಂತ ದಯವಿಟ್ಟು ಕೇಳಬೇಡಿ. ಅದನ್ನು ಹುಡುಕಲು ನನಗೆ ಮೂರು ವರ್ಷ ಹಿಡಿಯಿತು. ಮರಿ ಬಂದ ದಿನ ಕುಡಿಯುವ ನೀರಿಗೆ ಬೆಲ್ಲ, ಉಪ್ಪಿನ ಜೊತೆ ಇನ್ನೊಂದು ಹಾಕುತ್ತೇನೆ. ಅದೂ ನನ್ನ ಹತ್ತಿರವೇ ಇರಲಿ.

ಮರಿ ಬೆಲೆ ಯಾಕೆ ಇಷ್ಟು ಏರಿತು ಅಂತ ಹೊಸಬರು ಕೇಳುತ್ತಾರೆ. 2017ರಲ್ಲಿ ತೆಲಂಗಾಣ ಸರ್ಕಾರ ಕುರಿಗಾಹಿಗಳಿಗೆ 20 ಕುರಿ, 1 ಟಗರು ಅಂತ 75 ಪರ್ಸೆಂಟ್ ಸಬ್ಸಿಡಿಯಲ್ಲಿ ಕೊಡಲು ಶುರು ಮಾಡಿತು. ಕುರಿ ಹೊರ ರಾಜ್ಯದಿಂದಲೇ ತರಬೇಕಿತ್ತು. ಲಾರಿಗಳು ನಮ್ಮ ಕಡೆಗೂ ಬಂದವು. ತಾಯಿ ಕುರಿ ಹೋದ ಹಟ್ಟಿಯಲ್ಲಿ ಮುಂದಿನ ವರ್ಷ ಮರಿ ಎಲ್ಲಿಂದ ಬರಬೇಕು? 2019ರ ಜಾನುವಾರು ಗಣತಿಯಲ್ಲಿ ತೆಲಂಗಾಣ 1.9 ಕೋಟಿ ಕುರಿಯೊಂದಿಗೆ ದೇಶಕ್ಕೇ ಮೊದಲು, ನಾವು 1.1 ಕೋಟಿಯೊಂದಿಗೆ ಮೂರನೆಯವರು. ಇತ್ತ ರಾಷ್ಟ್ರೀಯ ಜಾನುವಾರು ಮಿಷನ್ನಿನ 50 ಪರ್ಸೆಂಟ್ ಸಬ್ಸಿಡಿ ಇದೆ, ಆದರೆ ಅದು ತಾಯಿ ಕುರಿ ಇಟ್ಟು ಮರಿ ಮಾಡುವವರಿಗೆ. ನಮ್ಮ ಹಾಗೆ ಮರಿ ತಂದು ಮೇಯಿಸುವವರಿಗೆ ಅಲ್ಲ. ಅದನ್ನು ನಂಬಿ ಶೆಡ್ ಎಬ್ಬಿಸಬೇಡಿ.

ನಡುವೆ ಒಂದಷ್ಟು ಪ್ರಯೋಗ ಮಾಡಿದೆ. ಮಹಾರಾಷ್ಟ್ರದ ಫಲ್ಟಣದ ನಾರಿ ಸುವರ್ಣ ತಳಿಯ ಐದು ಕುರಿ ತಂದೆ, ಅವಳಿ ಹಾಕುತ್ತವೆ ಅಂತ. ಹಾಕಿದವು, ಸುಳ್ಳಲ್ಲ. ಆದರೆ ಎರಡು ಮರಿಗೆ ಸಾಕಾಗುವ ಹಾಲು ಬರಬೇಕಾದರೆ ತಾಯಿಗೆ ಕೈತುಂಬ ತಿನ್ನಿಸಬೇಕು. ಬಯಲಿಗೆ ಬಿಟ್ಟು ಮೇಯಿಸುವವರಿಗೆ ಅದು ಕಷ್ಟ. ನೀರಲ್ಲಿ ಬೆಳೆಯುವ ಮೇವು ಅಜೋಲ್ಲಾಕ್ಕೆ ತೊಟ್ಟಿ ಮಾಡಿದೆ, ಬೇಸಿಗೆಯಲ್ಲಿ ಬೆಂದು ಹೋಯಿತು. ಗೆದ್ದದ್ದು ಒಂದು. ಮಾರ್ಚ್ ಬ್ಯಾಚಿನ ಅರ್ಧ ಮರಿಗಳಿಗೆ ತುಪ್ಪಟ ಕತ್ತರಿಸಿದೆ, ಅರ್ಧಕ್ಕೆ ಬಿಟ್ಟೆ. ಕತ್ತರಿಸಿದವು ಮಧ್ಯಾಹ್ನವೂ ಗೋದಲಿ ಬಿಡಲಿಲ್ಲ. ಉಳಿದವು ಮೂಲೆಯಲ್ಲಿ ತೇಕುತ್ತಾ ನಿಂತವು. ಕೊನೆಗೆ ತೂಕದಲ್ಲಿ ಒಂದೂವರೆ ಕೆಜಿ ಫರಕ್ ಬಂತು.

ಗೋಧಿ ಬೂಸಾ ಅಗ್ಗ ಅಂತ ಜಾಸ್ತಿ ಹಾಕಿದ್ದೂ ಒಂದು ತಪ್ಪು. ಅರವತ್ತನೇ ದಿನ ಒಂದು ಮರಿ ಬೆನ್ನು ಬಾಗಿಸಿ ತಿಣುಕುತ್ತಾ ನಿಂತಿತು. ಹೊಟ್ಟೆ ಕೆಳಗಿನ ಕೂದಲು ಒಣಗಿ, ತುದಿಯಲ್ಲಿ ಮರಳಿನ ಥರ ಹರಳು ಅಂಟಿತ್ತು. ಮೂತ್ರ ಕಟ್ಟಿತ್ತು. ಟಗರಿಗೆ ನಾಳ ಸಣ್ಣ, ಕಲ್ಲು ಕೂತರೆ ಉಳಿಸುವುದು ಕಷ್ಟ. ಬೂಸಾದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಸುಣ್ಣದ ಅಂಶ ಕಡಿಮೆ ಅಂತ ಡಾಕ್ಟರು ಆಮೇಲೆ ಹೇಳಿದರು. ಈಗ ಬೂಸಾ ಕಡಿಮೆ, ಬೇಲಿ ಮೆಂತೆ ಜಾಸ್ತಿ, ಉಪ್ಪಿನ ಗಟ್ಟಿ ಯಾವಾಗಲೂ ನೇತಾಡುತ್ತಿರುತ್ತದೆ. ಕಲ್ಲು ಕಟ್ಟದಿರಲಿ ಅಂತ ನವಸಾಗರವನ್ನೂ (ಅಮೋನಿಯಂ ಕ್ಲೋರೈಡ್) ಕೊಡುತ್ತೇನೆ, ಆದರೆ ಅಳತೆ ನಿಮ್ಮ ಡಾಕ್ಟರನ್ನೇ ಕೇಳಿ. ಮರಿಯ ತೂಕ, ಮೇವು ನೋಡಿ ಹೇಳಬೇಕಾದದ್ದು ಅದು.

ದೊಡ್ಡಪ್ಪ ಎರಡು ವರ್ಷದಿಂದ ತಮ್ಮ ಟಗರು ಮರಿಗಳನ್ನು ನನ್ನ ಕಾಟಾದಲ್ಲೇ ತೂಗಿಸುತ್ತಾರೆ. ಶೆಡ್ಡಿಗೆ ಬಂದರೆ ಒಂದೊಂದರ ಬೆನ್ನ ಮೇಲೆ ಹೆಬ್ಬೆರಳು ಊರಿ ನೋಡುತ್ತಾರೆ, ಮೂಳೆ ಕೈಗೆ ಸಿಗದಿದ್ದರೆ "ಹ್ಞೂಂ" ಅನ್ನುತ್ತಾರೆ. ಅವರ ಕೈಯ ಅಂದಾಜು ನನ್ನ ಕಾಟಾಕ್ಕಿಂತ ಅರ್ಧ ಕೆಜಿ ಆಚೀಚೆ, ಅಷ್ಟೇ.

ಈಗ ತಲೆಯಲ್ಲಿರುವುದು ಬಕ್ರೀದ್. ಅದಕ್ಕೆ ವರ್ಷ ತುಂಬಿದ ಟಗರು ಬೇಕು, ಕಿವಿ ಹರಿದಿರಬಾರದು, ಕೊಂಬು ಮುರಿದಿರಬಾರದು. ಹಾಗಾಗಿ ಆ ಮರಿಗಳ ಕಿವಿಗೆ ನಂಬರ್ ಓಲೆ ಚುಚ್ಚದೆ ಕೊರಳಿಗೆ ನಂಬರ್ ಕಟ್ಟಿದ್ದೇನೆ. ಹಬ್ಬ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಜೂನ್ ಕೊನೆಗಿತ್ತು, 2025ರಲ್ಲಿ ಜೂನ್ 7ಕ್ಕೆ ಬಂತು. ಇನ್ನು ಮೇ, ಆಮೇಲೆ ಏಪ್ರಿಲ್. ಅಂದರೆ ಟಗರಿಗೆ ಮೈ ಹಿಡಿಸಬೇಕಾದ ಕೊನೆಯ ಎರಡು ತಿಂಗಳು ಹಸಿ ಮೇವೇ ಇಲ್ಲದ ಕಾಲಕ್ಕೆ ಬೀಳುತ್ತವೆ. ಹೋದ ಕೊಯ್ಲಿನಲ್ಲಿ ಎರಡು ಟ್ರ್ಯಾಕ್ಟರ್ ಕಡಲೆಕಾಯಿ ಬಳ್ಳಿ, ಒಂದು ಟ್ರ್ಯಾಕ್ಟರ್ ತೊಗರಿ ಹೊಟ್ಟು ತುಂಬಿಸಿದ್ದೆ. ಈ ಸಲ ಇನ್ನೊಂದು ಟ್ರ್ಯಾಕ್ಟರ್ ಬಳ್ಳಿಗೆ ಪಕ್ಕದ ಹೊಲದವರಿಗೆ ಈಗಲೇ ಮುಂಗಡ ಕೊಟ್ಟಿದ್ದೇನೆ.