ಥಂಡಿಗೆ ಕಾಲುಡುಪು: ಓಡುವಾಗ ತೆಳು, ಕೂತಾಗ ಬೆಚ್ಚಗೆ

ಡಿಸೆಂಬರ್-ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂದಾಗ ಬೀದರ್ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಬಯಲು, ಒಣ ಗಾಳಿ, ಮೋಡವಿಲ್ಲದ ರಾತ್ರಿ. ಸೂರ್ಯ ಹುಟ್ಟುವ ಹೊತ್ತಿಗೆ ಪಾದರಸ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದುಂಟು. ಚಿಂಚೋಳಿ ಕಾಡಿನಂಚಿನಲ್ಲಿ ಟೆಂಟ್ ಹಾಕುವವರು, ಶಹಾಪುರ, ಯಾದಗಿರಿಯ ಬಂಡೆಗುಡ್ಡ ಹತ್ತಿ ಓಡುವವರು, ಇಲ್ಲಿಂದ ರೈಲು ಹತ್ತಿ ಹಿಮಾಲಯಕ್ಕೆ ಹೋಗುವವರು ಎಲ್ಲರೂ ಈ ತಿಂಗಳುಗಳಲ್ಲಿ ಜಾಕೆಟ್, ಟೋಪಿ, ಮಫ್ಲರ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಕಾಲಿಗೆ ಮಾತ್ರ ಮನೆಯಲ್ಲಿದ್ದ ಜೀನ್ಸ್ ಸಾಕು ಅಂದುಕೊಳ್ಳುತ್ತಾರೆ. ಇಲ್ಲವೇ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದಪ್ಪ ಪ್ಯಾಂಟ್ ಕೊಂಡು, ಅದನ್ನು ಹಾಕಿಕೊಂಡೇ ಬೆಟ್ಟ ಹತ್ತಿ ಬೆವರಿನಲ್ಲಿ ತೊಯ್ಯುತ್ತಾರೆ.

ಶಾಖ ಹಿಡಿಯುವ ಪ್ಯಾಂಟನ್ನು ಓಡುವ ಹೊತ್ತಿಗೆಂದು ಕೊಳ್ಳಬೇಡಿ, ನಿಂತು ಕೂರುವ ಹೊತ್ತಿಗೆಂದು ಕೊಳ್ಳಿ. ಓಡುವಾಗ ತೊಡೆ, ಮೀನಖಂಡದ ದೊಡ್ಡ ಸ್ನಾಯುಗಳೇ ಬೇಕಾದಷ್ಟು ಶಾಖ ಹುಟ್ಟಿಸುತ್ತವೆ. ಆಗ ಕಾಲಿಗೆ ಬೇಕಾದದ್ದು ಗಾಳಿಗೊಂದು ತಡೆ ಮಾತ್ರ. ದಪ್ಪ ಪದರ ಬ್ಯಾಗಿನಲ್ಲಿರಲಿ.

ಹಂತ 1: ಎಲ್ಲಿಗೆ, ಎಷ್ಟು ಹೊತ್ತು ಕೂರುತ್ತೀರಿ?

ಕೊಳ್ಳುವ ಮೊದಲು ಮೂರು ಸಂಗತಿ ಬರೆದುಕೊಳ್ಳಿ: ಹೋಗುವ ಜಾಗದ ಅತಿ ಕಡಿಮೆ ಉಷ್ಣಾಂಶ, ಗಾಳಿಯ ವೇಗ, ಅಲುಗಾಡದೆ ಕೂರುವ ಅವಧಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸಂಜೆ ಆರಕ್ಕೆ ಟೆಂಟ್ ಹಾಕಿ ಒಂಬತ್ತರವರೆಗೆ ಹರಟೆ ಹೊಡೆದರೆ ಮೂರು ತಾಸು ಕಾಲುಗಳು ಸುಮ್ಮನಿರುತ್ತವೆ. ಚಳಿ ಹತ್ತುವುದು ಆಗ.

ಎತ್ತರದ ಲೆಕ್ಕ ಸುಲಭ. ಸರಾಸರಿ ಪ್ರತಿ 1,000 ಮೀಟರ್ ಏರಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಚಳಿಗಾಲದ ಚಾರಣಕ್ಕೆ ಹೆಸರಾದ ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್ ಎತ್ತರ, ಅದರ ತಪ್ಪಲಿನ ಸಾಂಕ್ರಿ ಸುಮಾರು 1,900 ಮೀಟರ್. ಹಳ್ಳಿಗೂ ತುದಿಗೂ ಹನ್ನೆರಡು ಡಿಗ್ರಿಯಷ್ಟು ಅಂತರ ಬೀಳಬಹುದು. ಸಾಂಕ್ರಿಯ ಹವಾಮಾನ ನೋಡಿ ಪ್ಯಾಂಟ್ ಆರಿಸಿದವರು ಮೇಲೆ ಹೋಗಿ ನಡುಗುವುದು ಇದಕ್ಕೇ.

ಗಾಳಿಯ ಲೆಕ್ಕವನ್ನೂ ಬಿಡಬೇಡಿ. ಮೈನಸ್ 5 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಮೈನಸ್ 13ರ ಚಳಿ ತಟ್ಟುತ್ತದೆ. ಗಂಟೆಗೆ ಹತ್ತು ಕಿ.ಮೀ. ವೇಗದಲ್ಲಿ ಓಡುವವರು ಗಾಳಿಯಿಲ್ಲದ ದಿನವೂ ಅಷ್ಟು ಗಾಳಿಯನ್ನು ತಾವೇ ಮಾಡಿಕೊಳ್ಳುತ್ತಾರೆ.

ನಮ್ಮ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಮಟ್ಟಿಗೆ ಹೇಳುವುದಾದರೆ ಡೌನ್, ಎಂದರೆ ಹಕ್ಕಿಯ ಒಳಗರಿ ತುಂಬಿದ ಪ್ಯಾಂಟಿನ ಅಗತ್ಯವೇ ಇಲ್ಲ. ತೆಳು ಫ್ಲೀಸ್ (ರೋಮದಂಥ ಮೆತ್ತನೆಯ ಸಿಂಥೆಟಿಕ್ ಬಟ್ಟೆ) ಪ್ಯಾಂಟ್, ಮೇಲೊಂದು ಗಾಳಿ ತಡೆಯುವ ಪ್ಯಾಂಟ್ ಇದ್ದರೆ ಬೀದರಿನ ಜನವರಿ ರಾತ್ರಿಯೂ ಕಳೆಯುತ್ತದೆ. ಹಿಮ ಕಾಣಲು ಹೋಗುವವರು ಮಾತ್ರ ಹಂತ 3 ಪೂರ್ತಿ ಓದಬೇಕು.

ಹಂತ 2: ಓಡುವ ಪದರ

ಹತ್ತು ಡಿಗ್ರಿಗಿಂತ ಮೇಲೆ ಚಡ್ಡಿ ಅಥವಾ ತೆಳು ಟೈಟ್ಸ್ ಸಾಕು. ಹತ್ತರಿಂದ ಸೊನ್ನೆಯವರೆಗೆ ಪಾಲಿಯೆಸ್ಟರ್ ಟೈಟ್ಸ್ ಅಥವಾ 150 ಜಿಎಸ್‌ಎಂ ಆಸುಪಾಸಿನ ಮೆರಿನೋ ಉಣ್ಣೆಯ ಥರ್ಮಲ್. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಸೊನ್ನೆಗಿಂತ ಕೆಳಗಾದರೆ ಅದೇ ಟೈಟ್ಸ್ ಮೇಲೆ ವಿಂಡ್‌ಪ್ಯಾಂಟ್: ಒಳಪದರವಿಲ್ಲದ ತೆಳು ನೈಲಾನ್, ತೂಕ 70ರಿಂದ 120 ಗ್ರಾಂ, ಮಡಚಿದರೆ ಮುಷ್ಟಿಯೊಳಗೆ ಅಡಗುತ್ತದೆ. ಕಾಲಿಗೆಂದು ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದ್ದರೆ ಇದನ್ನೇ ಕೊಳ್ಳಿ.

ಇಲ್ಲಿ ಆಗುವ ಸಾಮಾನ್ಯ ತಪ್ಪು, ವಿಂಡ್‌ಪ್ಯಾಂಟ್ ಬದಲು ರೇನ್‌ಪ್ಯಾಂಟ್ ಹಾಕಿ ಓಡುವುದು. ಮಳೆ ತಡೆಯುವ ಲೇಪನ ಬೆವರನ್ನೂ ತಡೆಯುತ್ತದೆ. ಅರ್ಧ ತಾಸಿನಲ್ಲಿ ಒಳಗೆ ತೇವ, ನಿಂತ ಕೂಡಲೇ ನಡುಕ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಹತ್ತಿ ಬಟ್ಟೆ ಬೇಡ ಎನ್ನುವುದೂ ಇದಕ್ಕೇ: ಜೀನ್ಸ್, ಹತ್ತಿಯ ಟ್ರ್ಯಾಕ್‌ಪ್ಯಾಂಟ್, ಅಂಗಡಿಯವರು ಥರ್ಮಲ್ ಎಂದು ಕೊಡುವ ಹತ್ತಿ ಮಿಶ್ರಣದ ಒಳಉಡುಪು ಎಲ್ಲವೂ ಬೆವರು ಹೀರಿ ಇಟ್ಟುಕೊಳ್ಳುತ್ತವೆ. ಚಳಿಗಾಲದಲ್ಲಿ ಊರಿಗೆ ಬರುವ ಸ್ವೆಟರ್ ಮಳಿಗೆಗಳಲ್ಲಿ ಥರ್ಮಲ್ ಕೊಳ್ಳುವಾಗ ಸೊಂಟಪಟ್ಟಿಯ ಒಳಗಿನ ಚೀಟಿ ತಿರುಗಿಸಿ ನೋಡಿ. ಕಾಟನ್ ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಮನೆಯಲ್ಲಿ ಮಲಗಲು ಚೆಂದ, ಬೆಟ್ಟಕ್ಕಲ್ಲ.

ಹಂತ 3: ಕೂರುವ ಪದರ

ನಾಲ್ಕು ಬಗೆಗಳಿವೆ. ಒಂದೊಂದೂ ಒಂದೊಂದು ಕಡೆ ಕೈಕೊಡುತ್ತದೆ. ಅದನ್ನು ತಿಳಿದು ಆರಿಸಬೇಕು.

ಮಾಮೂಲಿ ಫ್ಲೀಸ್ ಪ್ಯಾಂಟ್ 250ರಿಂದ 350 ಗ್ರಾಂ. ಅಗ್ಗ, ಗಟ್ಟಿ, ಒದ್ದೆಯಾದರೂ ಹಿಂಡಿ ಹಾಕಿಕೊಳ್ಳಬಹುದು. ಗಾಳಿ ಮಾತ್ರ ನೇರ ಒಳಗೆ ನುಗ್ಗುತ್ತದೆ, ಬ್ಯಾಗಿನಲ್ಲಿ ಜಾಗವೂ ಹೆಚ್ಚು ಬೇಕು. ನಮ್ಮ ಕಡೆಯ ಇನ್ನೊಂದು ತಾಪತ್ರಯ ಉತ್ತರಾಣಿ. ಅದರ ಬೀಜ ಫ್ಲೀಸಿಗೆ ಅಂಟಿದರೆ ಒಂದೊಂದೇ ಕೀಳುತ್ತ ಕೂರಬೇಕು. ಹೊಲದ ಬದು, ಕಾಡುದಾರಿಯಲ್ಲಿ ನಡೆಯುವಾಗ ಮೇಲೆ ವಿಂಡ್‌ಪ್ಯಾಂಟ್ ಇರಲಿ.

ಎರಡನೆಯದು ಜಾಲರಿಯಂಥ ಹೊಸ ಬಗೆಯ ಫ್ಲೀಸ್. ಪೋಲಾರ್‌ಟೆಕ್ ಕಂಪನಿಯ ಆಲ್ಫಾ ಡೈರೆಕ್ಟ್ ಈ ಬಗೆಯಲ್ಲಿ ಹೆಸರಾದದ್ದು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಷ್ಟು ಸಡಿಲ ಹೆಣಿಗೆ, ಅದರ ಮೇಲೆ ಉದ್ದ ರೋಮ. 90 ಜಿಎಸ್‌ಎಂ ಬಟ್ಟೆಯಲ್ಲಿ ಸಾಧಾರಣ ಮೈಕಟ್ಟಿನವರ ಪ್ಯಾಂಟಿಗೆ ಸುಮಾರು 1.4 ಚದರ ಮೀಟರ್ ಬೇಕಾಗುತ್ತದೆ. ಎಂದರೆ ಬಟ್ಟೆಯ ತೂಕ 125 ಗ್ರಾಂ ಮಾತ್ರ. ಇದೊಂದನ್ನೇ ಹಾಕಿಕೊಂಡು ಗಾಳಿಗೆ ನಿಂತರೆ ಏನೂ ಹಾಕಿಲ್ಲವೇನೋ ಅನ್ನಿಸುತ್ತದೆ. ಮೇಲೆ ವಿಂಡ್‌ಪ್ಯಾಂಟ್ ಬಿದ್ದ ಕೂಡಲೇ ರೋಮದ ನಡುವಿನ ಗಾಳಿ ನಿಂತು ಬೆಚ್ಚಗಾಗುತ್ತದೆ. ಎರಡೂ ಸೇರಿ 220 ಗ್ರಾಂ ಆಸುಪಾಸು. ಓಡುತ್ತ ಹೋಗಿ ನಡುವೆ ತಂಗುವವರಿಗೆ ಈ ಜೋಡಿಯನ್ನು ಮೀರಿಸಿದ್ದು ಇಲ್ಲವೆಂದೇ ನಮ್ಮ ಅಭಿಪ್ರಾಯ, ಏಕೆಂದರೆ ಬೇಕಾದಂತೆ ಬೇರೆ ಮಾಡಬಹುದು: ಓಟಕ್ಕೆ ಮೇಲಿನದು, ಮಲಗಲು ಒಳಗಿನದು, ಕೂರಲು ಎರಡೂ. ಆದರೆ ಇದು ನಾಜೂಕು. ಬಂಡೆಗೆ ಉಜ್ಜಿದರೆ ರೋಮ ಕಿತ್ತುಬರುತ್ತದೆ. ಶಹಾಪುರದ ಗುಡ್ಡದಲ್ಲಿ ಕುಂಡಿಯೂರಿ ಜಾರುತ್ತ ಇಳಿಯುವವರಿಗೆ ಹೇಳಿದ್ದಲ್ಲ.

ಮೂರನೆಯದು ಸಿಂಥೆಟಿಕ್ ಫಿಲ್. ಎರಡು ನೈಲಾನ್ ಪದರದ ನಡುವೆ ಪಾಲಿಯೆಸ್ಟರ್ ಎಳೆಗಳ ಹಾಳೆ. ಪ್ರೈಮಾಲಾಫ್ಟ್, ಕ್ಲೈಮಾಶೀಲ್ಡ್ ಎಂಬವು ಇಂಥ ಹಾಳೆಗಳ ಹೆಸರು. ಚೀಟಿಯಲ್ಲಿ 60 ಗ್ರಾಂ ಅಂತಿದ್ದರೆ ಅದು ಇಡೀ ಪ್ಯಾಂಟಿನ ತೂಕವಲ್ಲ, ಒಂದು ಚದರ ಮೀಟರ್ ಹಾಳೆಯದು. 60ರ ಹಾಳೆಯ ಪ್ಯಾಂಟ್ ಪೂರ್ತಿಯಾಗಿ 230ರಿಂದ 300 ಗ್ರಾಂ ಬರುತ್ತದೆ, ಸೊನ್ನೆಯ ಆಚೀಚೆಗೆ ಸರಿ. ಮೈನಸ್ ಹತ್ತರವರೆಗೆ ಕೂರುವವರು 80ರಿಂದ 100ರ ಹಾಳೆ ನೋಡಲಿ. ತೇವವಾದ ಟೈಟ್ಸ್ ಮೇಲೇ ಇದನ್ನು ಹಾಕಬಹುದು, ಮೈಶಾಖಕ್ಕೆ ಒಳಗಿನದು ನಿಧಾನವಾಗಿ ಒಣಗುತ್ತದೆ. ಇದರ ಕೊರತೆ ಆಯುಸ್ಸಿನದು. ಒತ್ತಿ ಒತ್ತಿ ತುಂಬಿದಷ್ಟೂ ಎಳೆಗಳು ಮುರಿದು ಚಪ್ಪಟೆಯಾಗುತ್ತವೆ, ಕುಂಡಿ ಮತ್ತು ಮೊಣಕಾಲಿನ ಭಾಗದಲ್ಲಿ ಮೊದಲು.

ಕೊನೆಯದು ಡೌನ್, ಅಂದರೆ ಬಾತು ಮತ್ತು ಹೆಬ್ಬಾತಿನ ಮೆತ್ತನೆಯ ಒಳಗರಿ. ತೂಕಕ್ಕೆ ಹೋಲಿಸಿದರೆ ಇದರಷ್ಟು ಬೆಚ್ಚಗಿನದು ಬೇರೆ ಇಲ್ಲ, ಇದರಷ್ಟು ದುಬಾರಿಯೂ ಇಲ್ಲ. ಚೀಟಿಯಲ್ಲಿ 800 ಫಿಲ್ ಎಂದಿದ್ದರೆ ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ಗರಿ 800 ಘನ ಇಂಚು ಉಬ್ಬುತ್ತದೆ ಎಂದರ್ಥ. ಆದರೆ ಆ ಸಂಖ್ಯೆಯೊಂದನ್ನೇ ನೋಡಿ ಮರುಳಾಗಬೇಡಿ. ಒಳಗೆ ಎಷ್ಟು ಗ್ರಾಂ ಗರಿ ತುಂಬಿದ್ದಾರೆ ಎಂದು ಕೇಳಿ. 800 ಫಿಲ್‌ನ 30 ಗ್ರಾಂಗಿಂತ 650 ಫಿಲ್‌ನ 70 ಗ್ರಾಂ ಹೆಚ್ಚು ಬೆಚ್ಚಗೆ. ಹೊಲಿಗೆಯನ್ನೂ ನೋಡಿ. ಹಗುರ ಪ್ಯಾಂಟುಗಳಲ್ಲಿ ಕೌದಿಯಂತೆ ಆರುಪಾರು ಹೊಲಿದಿರುತ್ತಾರೆ, ಪ್ರತಿ ಹೊಲಿಗೆ ಸಾಲಿನಲ್ಲೂ ಗರಿ ಇರುವುದಿಲ್ಲ, ಗಾಳಿ ಅಲ್ಲಿಂದ ಒಳಬರುತ್ತದೆ. ಡೌನಿನ ಮುಖ್ಯ ಶತ್ರು ತೇವ. ಒದ್ದೆಯಾದರೆ ಗರಿ ಗಂಟುಕಟ್ಟಿ ಶಾಖ ಹಿಡಿಯುವುದನ್ನೇ ಬಿಡುತ್ತದೆ. ಹಿಮದ ಮೇಲೆ ಕೂರುವವರು, ಬೆವರಿದ ಮೈಗೇ ಹಾಕಿಕೊಳ್ಳುವವರು ಸಿಂಥೆಟಿಕ್‌ಗೇ ಅಂಟಿಕೊಳ್ಳುವುದು ಲೇಸು.

ಹೊರಬಟ್ಟೆಯ ನೂಲು ಎಷ್ಟು ದಪ್ಪ ಎಂಬುದನ್ನು ಡೀನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 10 ಡೀನಿಯರ್ ನೈಲಾನ್ ಹಗುರ, ಆದರೆ ಬಳ್ಳಾರಿ ಜಾಲಿಯ ಒಂದು ಮುಳ್ಳು ಸಾಕು ಗೇಣುದ್ದ ಹರಿಯಲು. ನಮ್ಮ ಕಡೆ ಬಳಸುವುದಾದರೆ 20 ಡೀನಿಯರ್‌ಗಿಂತ ಕೆಳಗಿಳಿಯಬೇಡಿ.

ಹಂತ 4: ಅಂಗಡಿಯಲ್ಲಿ ಹಾಕಿ ನೋಡುವುದು

ಓಡುವ ಟೈಟ್ಸ್ ಹಾಕಿಕೊಂಡು, ಓಡುವ ಬೂಟು ಮೆಟ್ಟಿಕೊಂಡೇ ಅಂಗಡಿಗೆ ಹೋಗಿ. ಬೂಟು ಬಿಚ್ಚದೆ ಪ್ಯಾಂಟ್ ಹಾಕಲು ಬರುತ್ತದೆಯೇ ನೋಡಿ. ಸೆಟೆದ ಬೆರಳುಗಳಲ್ಲಿ, ಹಿಮದಲ್ಲಿ ನಿಂತು ಲೇಸು ಬಿಚ್ಚುವುದು ಆಗದ ಮಾತು. ಕೆಳಗಿನಿಂದ ಮೊಣಕಾಲಿನವರೆಗೆ ಜಿಪ್ ಇದ್ದರೆ ಹೆಚ್ಚಿನವರಿಗೆ ಸಾಕು. ಸೊಂಟದವರೆಗೂ ಜಿಪ್ ಇದ್ದರೆ ಬೂಟಿಗೆ ಹಿಮದಲ್ಲಿ ಜಾರದಂತೆ ಮೊಳೆಪಟ್ಟಿ (ಕ್ರ್ಯಾಂಪಾನ್) ಕಟ್ಟಿದ್ದಾಗಲೂ ಹಾಕಬಹುದು, ಆದರೆ 50 ಗ್ರಾಂ ಆಸುಪಾಸು ತೂಕ ಹೆಚ್ಚು, ಜಿಪ್ಪಿನ ಗುಂಟ ಗಾಳಿಯೂ ನುಸುಳುತ್ತದೆ.

ಆಮೇಲೆ ಪೂರ್ತಿ ಕುಕ್ಕರಗಾಲಲ್ಲಿ ಕೂರಿ. ಮೊಣಕಾಲು, ಕುಂಡಿಯ ಹತ್ತಿರ ಬಟ್ಟೆ ಬಿಗಿದರೆ ಅಲ್ಲಿ ಫಿಲ್ ಒತ್ತಿಹೋಗುತ್ತದೆ. ಒತ್ತಿದ ಫಿಲ್‌ನಲ್ಲಿ ಗಾಳಿ ಇಲ್ಲ, ಗಾಳಿ ಇಲ್ಲದಿದ್ದರೆ ಶಾಖವೂ ಇಲ್ಲ. ಒಂದು ಸೈಜು ದೊಡ್ಡದೇ ಇರಲಿ. ಸೊಂಟಕ್ಕೆ ಎಲಾಸ್ಟಿಕ್ ಜೊತೆ ಲಾಡಿಯೂ ಬೇಕು. ಮೀನಖಂಡದ ಅರ್ಧಕ್ಕೆ ನಿಲ್ಲುವ ಮುಕ್ಕಾಲು ಉದ್ದದ ಪ್ಯಾಂಟುಗಳೂ ಇವೆ. ಉದ್ದ ಉಣ್ಣೆ ಕಾಲುಚೀಲ ಹಾಕುವವರಿಗೆ ಅದೇ ಜಾಣ ಆಯ್ಕೆ: ತೂಕ ಕಡಿಮೆ, ಕೆಳತುದಿ ಕೆಸರು, ಹಿಮದಲ್ಲಿ ಒದ್ದೆಯಾಗುವುದೂ ತಪ್ಪುತ್ತದೆ. ಜೇಬು ಒಂದಿದ್ದರೆ ಸಾಕು.

ಹಂತ 5: ಹೊರಡುವ ಮೊದಲು ಪರೀಕ್ಷೆ

ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಪ್ಯಾಂಟ್ ತೂಗಿ. ಚೀಟಿಯಲ್ಲಿರುವ ತೂಕ ಬಹುತೇಕ ಮೀಡಿಯಂ ಸೈಜಿನದು. ಜನವರಿಯ ಒಂದು ಬೆಳಗ್ಗೆ ಐದಕ್ಕೆದ್ದು, ಊರು ಬೀದರ್ ಆದರೆ ಇನ್ನೂ ಒಳ್ಳೆಯದು, ಅರ್ಧ ತಾಸು ಓಡಿ ಬೆವರಿ. ಬಂದವರೇ ಪ್ಯಾಂಟ್ ಏರಿಸಿ ಮಾಳಿಗೆಯ ಮೇಲೆ 40 ನಿಮಿಷ ಅಲುಗಾಡದೆ ಕೂರಿ. ಮೊದಲು ಎಲ್ಲಿ ತಣ್ಣಗಾಯಿತು ಗಮನಿಸಿ. ಕುಂಡಿಯಾದರೆ ತಪ್ಪು ಪ್ಯಾಂಟಿನದಲ್ಲ, ಕೆಳಗೆ ಫೋಮ್ ಚಾಪೆಯ ತುಂಡು ಬೇಕು. ಮೊಣಕಾಲಾದರೆ ಸೈಜು ಚಿಕ್ಕದು. ಸೊಂಟವಾದರೆ ಜಾಕೆಟ್ ಗಿಡ್ಡ. ಎಲ್ಲ ಕಡೆಯೂ ಒಟ್ಟಿಗೆ ತಣ್ಣಗಾದರೆ ಮಾತ್ರ ಇನ್ನೂ ದಪ್ಪದ್ದು ಬೇಕು.

ಲಡಾಖ್ ಮ್ಯಾರಥಾನಿನ 72 ಕಿ.ಮೀ. ಖರ್ದುಂಗ್ ಲಾ ಚಾಲೆಂಜ್‌ನಂಥ ಓಟಕ್ಕೆ ತಯಾರಾಗುವವರು ಇದೇ ಪರೀಕ್ಷೆಯನ್ನು ಓಟದ ಬ್ಯಾಗ್ ಹೊತ್ತು ಮಾಡಲಿ. 300 ಗ್ರಾಂ ಪ್ಯಾಂಟ್ ಒಂದೂವರೆಯಿಂದ ಎರಡು ಲೀಟರ್ ಜಾಗ ತಿನ್ನುತ್ತದೆ. 8 ಲೀಟರ್ ಬ್ಯಾಗಿನಲ್ಲಿ ಅದು ಸಣ್ಣ ಪಾಲಲ್ಲ.

ಹಂತ 6: ಬಳಸುವಾಗ

ನಿಂತ ಐದು ನಿಮಿಷದೊಳಗೆ ಪ್ಯಾಂಟ್ ಮೈಮೇಲಿರಬೇಕು. ಪ್ಯಾಂಟ್ ಶಾಖ ಹುಟ್ಟಿಸುವುದಿಲ್ಲ, ಇದ್ದದ್ದನ್ನು ಹಿಡಿದಿಡುತ್ತದೆ ಅಷ್ಟೆ. ನಡುಕ ಹತ್ತಿದ ಮೇಲೆ ಹಾಕಿಕೊಂಡರೆ ಬೆಚ್ಚಗಾಗಲು ತುಂಬ ಹೊತ್ತು ಬೇಕು. ಏರು ಶುರುವಾಗುವ ಮೊದಲೇ ತೆಗೆದಿಡಿ, ಹೊರಡುವಾಗ ಸ್ವಲ್ಪ ಚಳಿಯಾಗುತ್ತಿದ್ದರೆ ಸರಿಯಾಗಿದ್ದೀರಿ ಎಂದರ್ಥ. ಮಲಗುವಾಗ ಸ್ಲೀಪಿಂಗ್ ಬ್ಯಾಗ್ ಇಕ್ಕಟ್ಟಾಗಿದ್ದರೆ ಪ್ಯಾಂಟ್ ಹಾಕಿಕೊಳ್ಳದೆ ಬ್ಯಾಗಿನ ಮೇಲೆ, ತೊಡೆಯಿಂದ ಕೆಳಗೆ ಹೊದೆಯಿರಿ.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ. ಸೀತನಿ (ಎಳೆ ಜೋಳದ ತೆನೆ) ಸುಡುವ ಕಾಲದಲ್ಲಿ ಹೊಲದಲ್ಲಿ ಬೆಂಕಿ ಸುತ್ತ ಕೂರುವುದು ನಮ್ಮ ಕಡೆ ಇದ್ದದ್ದೇ. ಒಂದು ಕಿಡಿ ಹಾರಿದರೆ ನೈಲಾನ್ ಕರಗಿ ತೂತು ಬೀಳುತ್ತದೆ, ಚರ್ಮಕ್ಕೂ ಅಂಟಬಹುದು. ಬೆಂಕಿ ಹತ್ತಿರ ಮೊಣಕಾಲ ಮೇಲೆ ಕಂಬಳಿ ಹಾಸಿಕೊಳ್ಳಿ. ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಕರಗುವುದೂ ಇಲ್ಲ.

ಡೌನ್ ಪ್ಯಾಂಟ್ ಹರಿದ ಕಡೆ ಸೂಜಿ ಹಾಕಬೇಡಿ, ಪ್ರತಿ ರಂಧ್ರದಿಂದಲೂ ಗರಿ ಹೊರಬರುತ್ತದೆ. ನೈಲಾನ್ ರಿಪೇರಿ ಟೇಪನ್ನು ಮೂಲೆಗಳು ದುಂಡಗಿರುವಂತೆ ಕತ್ತರಿಸಿ ಅಂಟಿಸಿ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ಏಳುತ್ತದೆ.

ಒಗೆಯುವಾಗ ಸೌಮ್ಯ ದ್ರವ ಸೋಪು, ತಣ್ಣೀರು. ಬಟ್ಟೆ ಮೆದು ಮಾಡುವ ದ್ರವ ಬೇಡವೇ ಬೇಡ. ಅದು ನೀರು ಜಾರಿಸುವ ಲೇಪನವನ್ನೂ ಬೆವರು ಹೀರಿ ಹೊರಹಾಕುವ ಗುಣವನ್ನೂ ಕೆಡಿಸುತ್ತದೆ. ಡೌನ್ ಆದರೆ ಹಿಂಡದೆ, ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ. ತಾಸಿಗೊಮ್ಮೆ ಗಂಟುಗಳನ್ನು ಬೆರಳಿನಿಂದ ಬಿಡಿಸಬೇಕು. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ, ಎರಡು-ಮೂರು ದಿನ ಬಿಡಿ.

ಉಳಿದದ್ದು ಬೇಸಿಗೆ. ಕಲಬುರಗಿಯ ಏಪ್ರಿಲ್-ಮೇ ಬಿಸಿಲಿಗೆ ಮಾಳಿಗೆ ಕೋಣೆಯಲ್ಲಿಟ್ಟ ತಗಡಿನ ಟ್ರಂಕು ಒಲೆಯಾಗುತ್ತದೆ. ಎಲಾಸ್ಟಿಕ್ ಜೀವ ಕಳೆದುಕೊಳ್ಳುತ್ತದೆ, ಲೇಪನ ಸಿಪ್ಪೆಯೇಳುತ್ತದೆ. ಕೆಳಗಿನ ತಂಪು ಕೋಣೆಯಲ್ಲಿ, ಸಣ್ಣ ಚೀಲಕ್ಕೆ ತುರುಕದೆ, ಹಳೆಯ ದಿಂಬಿನ ಕವರಿನಲ್ಲಿ ಸಡಿಲವಾಗಿ ನೇತುಹಾಕಿ. ಮೆರಿನೋ ಇದ್ದರೆ ಒಗೆದು ಪೂರ್ತಿ ಒಣಗಿಸಿದ ಮೇಲೆಯೇ ಇಡಿ. ನುಸಿ ಮೊದಲು ಮುಟ್ಟುವುದು ಬೆವರು ಉಳಿದ ಉಣ್ಣೆಯನ್ನು.